ಸೊನ್ನೆಯ ಮೇಲೊಂದು ರೂಪಾಯಿ

ಮದುವೆಯಾಗಿ ಮೂರು ತಿಂಗಳಾದ ಗಂಡಸಿಗೆ ವಾರಕ್ಕೆ ಮೂರೂವರೆ ಗಂಟೆ ಮಾತ್ರ ಹೆಂಡತಿಯ ಮುಖ ನೋಡಲು ಸಿಗುತ್ತದೆ ಅಂದರೆ ಅವನಿಗೆ ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ. ನನಗಂತೂ ಬರುತ್ತಿತ್ತು. ಮೊದಲೇ ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರ ಮೇಲೆ ಈ ಬಸ್ಸಿನ ಕಾಟ ಬೇರೆ.

ನಾನು ಶ್ರೀನಿವಾಸ. ಊರು ಮಡಕಶಿರಾ, ಕೆಲಸ ರಾಯದುರ್ಗದಲ್ಲಿ. ಪಂಪಮ್ಮನವರ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟಿನಲ್ಲಿ ಬಿಲ್ಲು, ಜಿಎಸ್‌ಟಿ, ಬ್ಯಾಂಕಿನ ಕಾಗದ ಎಲ್ಲ ನನ್ನ ಪಾಲು. ನನ್ನ ಹೆಂಡತಿ ಗಂಗೋತ್ರಿ ರೊಳ್ಳದ ಕಡೆಯ ಒಂದು ಗ್ರಾಮ ಸಚಿವಾಲಯದಲ್ಲಿ, ಅಂದರೆ ನಮ್ಮ ಆಂಧ್ರದ ಹಳ್ಳಿ ಸರಕಾರಿ ಕಚೇರಿಯಲ್ಲಿ, ಕಂಪ್ಯೂಟರ್ ಕೆಲಸ ಮಾಡುತ್ತಾಳೆ; ಮಡಕಶಿರಾದ ನಮ್ಮ ಮನೆಯಿಂದ ದಿನಾ ಹೋಗಿ ಬರುತ್ತಾಳೆ. ಇಬ್ಬರಿಗೂ ರಜೆ ಭಾನುವಾರ ಒಂದೇ. ರಾಯದುರ್ಗದಿಂದ ಮಡಕಶಿರಾಕ್ಕೆ ಶನಿವಾರ ಸಂಜೆ ನಾಲ್ಕೂವರೆಗೆ ಒಂದು ನೇರ ಬಸ್ಸು. ಅದನ್ನು ಹಿಡಿದರೆ ಎಂಟೂವರೆಗೆ ಮನೆ. ಅದು ತಪ್ಪಿದರೆ ಭಾನುವಾರ ಬೆಳಗ್ಗೆಯ ಬಸ್ಸು, ಅದು ಮುಟ್ಟುವಾಗ ಹತ್ತೂವರೆ, ತಿರುಗಿ ಹೊರಡುವ ಬಸ್ಸು ಎರಡು ಗಂಟೆಗೆ. ನಡುವೆ ಉಳಿಯುವುದು ಮೂರೂವರೆ ಗಂಟೆ. ಅದರಲ್ಲೂ ಒಂದು ಗಂಟೆ ಅತ್ತೆಮನೆಯ ಊಟಕ್ಕೆ ಹೋಗುತ್ತಿತ್ತು.

ಶನಿವಾರದ ಬಸ್ಸು ನನಗೆ ಒಂದು ಸಲವೂ ಸಿಕ್ಕಿರಲಿಲ್ಲ. ಕಾರಣ ವಾರದ ಪಗಾರದ ಬಟವಾಡೆ. ನಮ್ಮಲ್ಲಿ ನಲವತ್ತೊಂದು ಜನ ಹೆಣ್ಣುಮಕ್ಕಳು ಹೊಲಿಯುತ್ತಾರೆ. ಒಬ್ಬರದು ಜೇಬು, ಒಬ್ಬರದು ಜಿಪ್ಪು, ಒಬ್ಬರದು ಸೊಂಟದ ಪಟ್ಟಿ. ಒಂದೊಂದಕ್ಕೆ ಒಂದೊಂದು ದರ. ಒಂದು ಗಂಟು ಬಟ್ಟೆ ಹೊಲಿದು ಮುಗಿಸಿದರೆ ಅದರ ಚೀಟಿ ಹರಿದು ಇಟ್ಟುಕೊಳ್ಳಬೇಕು. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಎಲ್ಲರ ಚೀಟಿಯೂ ಉಜ್ಜಿನಪ್ಪ ತಾತನ ಮೇಜಿಗೆ ಬರುತ್ತದೆ, ಆಮೇಲೆ ತಾತ ಲೆಕ್ಕಕ್ಕೆ ಕೂರುತ್ತಾನೆ.

ಉಜ್ಜಿನಪ್ಪ ತಾತ ನಮ್ಮ ಗುಮಾಸ್ತ. ಅರವತ್ತೆಂಟು ವಯಸ್ಸು, ಹಣೆ ತುಂಬ ವಿಭೂತಿ, ಕಿವಿಯ ಮೇಲೆ ಪೆನ್ನು. ಮೊದಲು ಶೇಂಗಾ ಎಣ್ಣೆ ಮಿಲ್ಲಿನಲ್ಲಿದ್ದವನು, ಯೂನಿಟ್ಟು ಶುರುವಾದಾಗಿನಿಂದ, ಅಂದರೆ ಹದಿನೈದು ವರ್ಷದಿಂದ ಇಲ್ಲಿದ್ದಾನೆ. ಒಬ್ಬೊಬ್ಬರ ಚೀಟಿಯನ್ನೂ ಎರಡೆರಡು ಸಲ ಎಣಿಸುತ್ತಾನೆ, ಬಾಯಲ್ಲೇ ಗುಣಿಸುತ್ತಾನೆ, ಕನ್ನಡ ಅಂಕಿಯಲ್ಲಿ ಖಾತೆ ಪುಸ್ತಕಕ್ಕೆ ಏರಿಸುತ್ತಾನೆ. ಅವನು ಮುಗಿಸುವಾಗ ಏಳು ದಾಟಿರುತ್ತಿತ್ತು. ಐದೂವರೆಗೆ ಮಿಷನ್ನು ನಿಂತ ಮೇಲೂ ಅಷ್ಟೂ ಜನ ಜಗುಲಿಯ ಮೇಲೆ ಕೂತು ಕಾಯಬೇಕಿತ್ತು. ಕವರಿಗೆ ದುಡ್ಡು ತುಂಬುವವನು ನಾನು, ಹಾಗಾಗಿ ನಾನೂ ಕಾಯಬೇಕಿತ್ತು. ನಾಲ್ಕೂವರೆಯ ಬಸ್ಸಿನ ಹಾರನ್ನು ಯೂನಿಟ್ಟಿನ ಒಳಗೇ ಕೇಳಿಸುತ್ತದೆ. ಅದು ಕೂಗಿದ ಕೂಡಲೇ ಜಿಪ್ಪು ಹೊಲಿಯುವ ದ್ಯಾಮಮ್ಮ ತಲೆ ಎತ್ತದೇ, ನಿಮ್ಮ ಬಸ್ಸು ಹೋತಲ್ರಿ ಪೆಳ್ಳಿಕೊಡುಕು, ಅನ್ನುತ್ತಿದ್ದಳು. ತೆಲುಗಿನಲ್ಲಿ ಮದುಮಗ ಅಂತ ಕರೆದು ಕರೆದು ನನ್ನ ಹೆಸರನ್ನೇ ಮರೆತಿದ್ದರು ಅವರೆಲ್ಲ.

ಒಂದು ಭಾನುವಾರ ಊಟಕ್ಕೆ ಕೂತಾಗ ಗಂಗೋತ್ರಿ, ಅಷ್ಟೊತ್ತು ಅದೇನು ಲೆಕ್ಕ ಅಂತ ಕೇಳಿದಳು. ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಕೈಯ ತುತ್ತು ಕೈಯಲ್ಲೇ ನಿಂತಿತು. ಇದಕ್ಕಾ ನಾನು ಹನ್ನೆರಡು ಶನಿವಾರ ಬಾಗಿಲು ಕಾದದ್ದು ಅಂದಳು. ಎಂಜಲು ಕೈಯಲ್ಲೇ ನನ್ನ ಫೋನು ಎಳೆದುಕೊಂಡು, ಎಡಗೈಯಲ್ಲಿ ಒಂದು ಶೀಟು ತೆರೆದಳು. ಒಂದು ಪುಟದಲ್ಲಿ ಯಾವ ಹೊಲಿಗೆಗೆ ಎಷ್ಟು ದರ ಅಂತ. ಇನ್ನೊಂದು ಪುಟದಲ್ಲಿ ಹೆಸರು, ಹೊಲಿಗೆ, ಚೀಟಿ. ಹೆಸರಿನ ಮುಂದೆ ಎಷ್ಟು ಗಂಟು ಅಂತ ಬರೆದರೆ ಸಾಕು, ದರವನ್ನು ಅದೇ ಹುಡುಕಿ ತಂದು ಅದೇ ಗುಣಿಸಿ ಅದೇ ಕೂಡುತ್ತದೆ. ಚೀಟಿಯನ್ನು ಶನಿವಾರದ ತನಕ ಯಾಕೆ ಕೂಡಿಡಬೇಕು, ದಿನಾ ಸಂಜೆ ಹತ್ತು ನಿಮಿಷ ಹಾಕಿ ಏರಿಸಿದರೆ ಶನಿವಾರಕ್ಕೆ ಒಂದು ದಿನದ್ದಷ್ಟೇ ಉಳಿಯುತ್ತದೆ ಅಂತಲೂ ಹೇಳಿಕೊಟ್ಟಳು. ಮೇಲಿನ ಸಾಲಿಗೆ ಬರೆದ ಸೂತ್ರವನ್ನು ಹಿಡಿದು ಕೆಳಗೆ ಎಳೆದಳು ನೋಡಿ, ಶೀಟಿನ ನಲವತ್ತೊಂದು ಮನೆಗಳೂ ಒಂದೇ ಏಟಿಗೆ ತುಂಬಿಕೊಂಡವು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆವತ್ತು ಎರಡು ಗಂಟೆಯ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದೆ, ಕಾಲು ನೋಯಲೇ ಇಲ್ಲ.

ಪಂಪಮ್ಮನವರಿಗೆ ತೋರಿಸಿದೆ. ಅವರು ಐವತ್ತು ದಾಟಿದ ಗಟ್ಟಿ ಹೆಂಗಸು, ಹಣದ ವಿಷಯದಲ್ಲಿ ಯಾರ ಬಾಯಿಮಾತನ್ನೂ ನಂಬುವವರಲ್ಲ. ನಿಧಾನಕ್ಕೆ ನೋಡಿ, ಎರಡು ಶನಿವಾರ ಕೊಡುತ್ತೇನೆ, ತಾತನೂ ಬರೆಯಲಿ, ನೀನೂ ಬರೆ ಅಂದರು.

"ಉಜ್ಜಿನಪ್ಪನ ಮೊತ್ತಕ್ಕೂ ನಿನ್ನ ಮೊತ್ತಕ್ಕೂ ಒಂದು ರೂಪಾಯಿ ಫರಕು ಬರಬಾರದು ನೋಡು ಸೀನು. ಬಂತು ಅಂದ್ರ ನಿನ್ನ ಕಂಪ್ಯೂಟರ್ ಡಬ್ಬಿ ಬಿಲ್ಲಿಗಷ್ಟ, ಬಟವಾಡಿಗೆ ಮುಟ್ಟಂಗಿಲ್ಲ."

ತಾತ ಕಿವಿಯ ಮೇಲಿನ ಪೆನ್ನು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡ.

ಮೊದಲನೇ ಶನಿವಾರ ನಾನು ಎರಡು ಗಂಟೆಗೇ ಮುಗಿಸಿ ಕಾಲು ಚಾಚಿ ಕೂತೆ. ಎಂಬತ್ತೆಂಟು ಸಾವಿರದ ನಾನೂರ ಹದಿನೇಳು. ತಾತ ಏಳೂಕಾಲಿಗೆ ಗೆರೆ ಎಳೆದ. ಎಂಬತ್ತೆಂಟು ಸಾವಿರದ ನಾನೂರ ಇಪ್ಪತ್ತಮೂರು. ಆರು ರೂಪಾಯಿ ಫರಕು. ಹೆಣ್ಣುಮಕ್ಕಳು ಮನೆಗೆ ಹೊರಡುವ ಗಡಿಬಿಡಿಯಲ್ಲಿದ್ದರು, ಪಂಪಮ್ಮ ತಾತನ ಲೆಕ್ಕದಂತೆಯೇ ಕೊಡಿಸಿದರು. ನನಗೆ ಒಂದು ಶನಿವಾರ ಉಳಿದಿದೆ ಅಂತ ಬೆರಳೆತ್ತಿ ತೋರಿಸಿ ಹೋದರು.

ಮಾರನೇ ದಿನದ ನಮ್ಮ ಮೂರೂವರೆ ಗಂಟೆ ಆ ಆರು ರೂಪಾಯಿಗೆ ಬಲಿಯಾಯಿತು. ಚೀಟಿಗಳ ಗಂಟನ್ನೇ ಮಡಕಶಿರಾಕ್ಕೆ ಹೊತ್ತುಕೊಂಡು ಹೋಗಿದ್ದೆ. ಗಂಗೋತ್ರಿ ಓದಿದಳು, ನಾನು ನೋಡಿದೆ. ಆಮೇಲೆ ನಾನು ಓದಿದೆ, ಅವಳು ನೋಡಿದಳು. ಅತ್ತೆ ಊಟಕ್ಕೆ ಮೂರು ಸಲ ಕರೆದರು. ಶೀಟಿನಲ್ಲಿ ಒಂದು ಪೈಸೆಯ ತಪ್ಪಿರಲಿಲ್ಲ. ಹಾಗಾದರೆ ತಪ್ಪು ತಾತನದೇ. ವಯಸ್ಸಾಯಿತು, ಕಣ್ಣು ಮಂಜಾಗಿದೆ, ಅಲ್ಲೊಂದು ಇಲ್ಲೊಂದು ಜಾಸ್ತಿ ಕೂಡುತ್ತಿದ್ದಾನೆ. ಮುಂದಿನ ಶನಿವಾರ ಎಲ್ಲರ ಎದುರಿಗೇ ಹಿಡಿದು ತೋರಿಸುತ್ತೇನೆ ಅಂತ ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದೆ.

ಎರಡನೇ ಶನಿವಾರ ನನ್ನದು ತೊಂಬತ್ತೊಂದು ಸಾವಿರದ ಇನ್ನೂರ ಆರು. ತಾತನದು ತೊಂಬತ್ತೊಂದು ಸಾವಿರದ ಇನ್ನೂರ ಹತ್ತು. ಈ ಸಲ ನಾನು ಬಿಡಲಿಲ್ಲ. ತಾತನ ಪುಸ್ತಕವನ್ನು ನನ್ನ ಮೇಜಿಗೆ ಎಳೆದುಕೊಂಡು ಹೆಸರು ಹೆಸರಿಗೂ ಬೆರಳಿಟ್ಟು ನೋಡಿದೆ. ನಾಲ್ಕು ಹೆಸರು ಸಿಕ್ಕವು. ದ್ಯಾಮಮ್ಮನಿಗೆ ನನ್ನದರಲ್ಲಿ ಎರಡು ಸಾವಿರದ ನೂರ ಐವತ್ತು, ತಾತನದರಲ್ಲಿ ಎರಡು ಸಾವಿರದ ನೂರ ಐವತ್ತೊಂದು. ಉಳಿದ ಮೂರರಲ್ಲೂ ಹಾಗೇ ಒಂದೊಂದು ರೂಪಾಯಿ. ನನಗೆ ಗೆದ್ದ ಹುಮ್ಮಸ್ಸು ತಲೆಗೇರಿತು. ಜಗುಲಿಯ ಮೇಲೆ ಕೂತ ಅಷ್ಟೂ ಜನಕ್ಕೆ ಕೇಳುವ ಹಾಗೆ, ನೋಡ್ರಿ ತಾತನ ತಪ್ಪು, ಒಂದಲ್ಲ ನಾಲ್ಕು, ಹೀಗೆ ಹದಿನೈದು ವರ್ಷದಿಂದ ಎಷ್ಟು ತಪ್ಪಾಗಿದೆಯೋ ಅಂತ ಕೂಗಿಬಿಟ್ಟೆ.

ಯಾರೂ ನಗಲಿಲ್ಲ. ಮಿಷನ್ನಿನ ಸದ್ದೂ ಇಲ್ಲದ ಹೊತ್ತು, ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ದ್ಯಾಮಮ್ಮ ಎದ್ದು ಬಂದಳು. ಆವತ್ತು ಅವಳು ನನ್ನನ್ನು ಪೆಳ್ಳಿಕೊಡುಕು ಅನ್ನಲಿಲ್ಲ.

"ಮೆಲ್ಲಕ ಮಾತಾಡ್ರಿ ಸಾರ್. ಅದು ತಪ್ಪಲ್ಲ. ಈ ಯೂನಿಟ್ಟಿನಾಗ ನಮ್ಮ ಯಾರ ಪಗಾರನೂ ಯಾವತ್ತೂ ಸೊನ್ನಿಗೆ ನಿಂತಿಲ್ಲ. ಸೊನ್ನಿ ಬಂದ್ರ ತಾತ ಮ್ಯಾಲೊಂದು ರೂಪಾಯಿ ಇಡ್ತಾನ."

ನಾನು ತಾತನ ಕಡೆ ನೋಡಿದೆ. ಅವನು ತನ್ನ ಪುಸ್ತಕವನ್ನು ಮೆಲ್ಲಗೆ ನನ್ನ ಮೇಜಿನಿಂದ ಎಳೆದುಕೊಳ್ಳುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು, ಗುಟ್ಟು ಬಯಲಾದವನ ನಾಚಿಕೆ.

"ಮಿಲ್ಲಿನಾಗ ನಮ್ಮ ಹಿರಿ ಗುಮಾಸ್ತರು ಹೇಳಿಕೊಟ್ಟಿದ್ದಪ. ಸೊನ್ನಿ ಕೈಗೆ ಕೊಟ್ರ, ಲೆಕ್ಕ ಮುಗೀತು ಹೋಗು ಅಂದಂಗ. ಮ್ಯಾಲೊಂದು ಇಟ್ರ, ಮುಂದಿನ ವಾರ ಬಾ ಅಂದಂಗ."

ಆಗ ನೆನಪಾಯಿತು. ನನ್ನ ವಾರದ ಪಗಾರ ಮೂರು ಸಾವಿರ. ತಾತನೇ ತುಂಬಿಕೊಡುತ್ತಿದ್ದ ನನ್ನ ಕವರಿನಲ್ಲಿ ಪ್ರತಿ ಶನಿವಾರವೂ ಒಂದು ನಾಣ್ಯ ಇರುತ್ತಿತ್ತು. ನಾನು ಅದನ್ನು ಚಿಲ್ಲರೆ ಕಾಟ ಅಂದುಕೊಂಡು ಕಂಡಕ್ಟರಿಗೆ ಕೊಟ್ಟುಬಿಡುತ್ತಿದ್ದೆ. ಅಷ್ಟೂ ಜನರ ಎದುರಿಗೆ ನನ್ನ ಕಿವಿ ಬಿಸಿಯಾಯಿತು. ತಪ್ಪಾಯಿತು ತಾತ ಅಂದೆ. ಇನ್ನೂ ಜೋರಾಗಿ ಅನ್ನಬೇಕಿತ್ತು, ಮೆಲ್ಲಗೆ ಅಂದೆ.

ಪಂಪಮ್ಮನವರಿಗೂ ಈ ವಿಷಯ ಗೊತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಒಟ್ಟು ಮೊತ್ತವನ್ನು ಮಾತ್ರ. ವಾರಕ್ಕೆ ನಾಲ್ಕೈದು ರೂಪಾಯಿ, ವರ್ಷಕ್ಕೆ ಎಷ್ಟಾಗುತ್ತದೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದರು, ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ. ಮೊತ್ತ ಸರಿಹೋಗಿಲ್ಲ, ಮಾತು ಮಾತೇ ಅಂದರು. ತಾತನ ರೂಪಾಯಿ ನಿಲ್ಲಬಾರದು. ನಿನ್ನ ಡಬ್ಬಿಗೆ ಅದು ಬರುತ್ತದಾ ಹೇಳು, ಬರದಿದ್ದರೆ ಇವತ್ತಿಗೇ ಬಿಟ್ಟುಬಿಡೋಣ ಅಂತ ನಿಂತುಕೊಂಡರು.

ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾಲ್ಕು ಹೆಸರಿಗೆ ಕೈಯಾರೆ ಒಂದು ಸೇರಿಸಬಹುದಿತ್ತು, ಆದರೆ ವಾರ ವಾರವೂ ಕೈಯಾರೆ ಹುಡುಕುವುದಾದರೆ ಡಬ್ಬಿ ಯಾಕೆ ಬೇಕು? ಗಂಗೋತ್ರಿಗೆ ಫೋನು ಹಚ್ಚಿದೆ. ಸ್ಪೀಕರಿಗೆ ಹಾಕ್ರಿ, ನಾವೂ ಕೇಳ್ತೀವಿ ಅಂತ ಹೆಣ್ಣುಮಕ್ಕಳೆಲ್ಲ ಮೇಜಿನ ಸುತ್ತ ಮುಗಿಬಿದ್ದರು. ನಡೆದದ್ದು ಹೇಳಿದೆ. ಅವಳು ಕೇಳಿದಳು, ತಾತ ಅಲ್ಲೇ ಇದಾರಾ? ಹೌದು ಅಂದೆ. ಅವರಿಗೆ ನನ್ನ ನಮಸ್ಕಾರ ಹೇಳಿ, ಆಮೇಲೆ ನಾನು ಹೇಳಿದಂಗೆ ಬರೀರಿ ಅಂದಳು.

"ಬಂದ ಮೊತ್ತನ ಹತ್ತರಿಂದ ಭಾಗಿಸು ಅನ್ನಿ. ಶೇಷ ಸೊನ್ನೆ ಬಂದ್ರೆ ಒಂದು ಸೇರಿಸು, ಇಲ್ದಿದ್ರೆ ಅಂಗೇ ಬಿಡು. ಅಷ್ಟೇ ಕಣ್ರೀ, ಒಂದೇ ಸಾಲು."

ಒಂದು ಸಲ ಕಂಸ ಮುಚ್ಚುವುದು ಮರೆತು ಶೀಟು ಬೈದಿತು. ಎರಡನೇ ಸಲ ಸರಿಯಾಯಿತು. ಮೊದಲ ಹೆಸರಿನ ಮನೆಯ ಮೂಲೆ ಹಿಡಿದು ಕೆಳಗೆ ಎಳೆದೆ. ಎಲ್ಲರೂ ನೋಡುತ್ತಿದ್ದಂತೆಯೇ ಏಳನೇ ಸಾಲು ಬದಲಾಯಿತು, ಹದಿನೆಂಟನೆಯದು ಬದಲಾಯಿತು, ದ್ಯಾಮಮ್ಮನ ಐವತ್ತು ಐವತ್ತೊಂದಾಯಿತು, ಕೊನೆಗೆ ಮೂವತ್ತೊಂಬತ್ತನೆಯದು. ಕೆಳಗಿನ ಮೊತ್ತ ತೊಂಬತ್ತೊಂದು ಸಾವಿರದ ಇನ್ನೂರ ಹತ್ತಕ್ಕೆ ಬಂದು ನಿಂತಿತು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಮ್ಮಿಯಿಲ್ಲ. ಜಗುಲಿ ತುಂಬ ಗದ್ದಲ. ಯಾರೋ ನನ್ನ ಬೆನ್ನಿಗೆ ಗುದ್ದಿದರು, ಫೋನಿನಲ್ಲಿ ಗಂಗೋತ್ರಿ ಬಂತಾ ಬಂತಾ ಅಂತ ಕೇಳುತ್ತಲೇ ಇದ್ದಳು.

ತಾತ ಕನ್ನಡಕ ಏರಿಸಿ ತೆರೆಯ ಹತ್ತಿರಕ್ಕೆ ಬಗ್ಗಿದ. ನಾಲ್ಕು ಸಾಲುಗಳನ್ನೂ ಒಂದೊಂದಾಗಿ ನೋಡಿದ.

"ಇದು ಮರೀತೈತೇನಪ?"

ಇಲ್ಲ ತಾತ, ಮರೆಯುವುದಿಲ್ಲ ಅಂದೆ.

"ನಾ ಎರಡು ಸಲ ಮರ್ತೀನಿ. ಯಾರ್‍ಯಾರಿಗೆ ಅಂತ ಇನ್ನೂ ನೆನಪೈತಿ," ಅಂದ, ಪುಸ್ತಕ ಮುಚ್ಚಿದ.

ಮುಂದಿನ ವಾರ ಹೇಗೆ ಕಳೆಯಿತೋ ಗೊತ್ತಿಲ್ಲ. ದಿನಾ ಸಂಜೆ ತಾತ ಚೀಟಿ ಎಣಿಸಿ ಕೂಗುತ್ತಿದ್ದ, ನಾನು ಏರಿಸುತ್ತಿದ್ದೆ. ಎಣಿಸುವುದರಲ್ಲಿ ಅವನನ್ನು ಮೀರಿಸುವವರು ಯಾರೂ ಇಲ್ಲ, ಆ ಕೆಲಸ ಅವನದೇ ಅಂತ ಪಂಪಮ್ಮ ಮೊದಲೇ ಹೇಳಿದ್ದರು. ಶನಿವಾರ ಒಂದೂ ನಲವತ್ತಕ್ಕೆ ಶೀಟು ಸಿದ್ಧವಾಯಿತು. ತಾತ ಪರೀಕ್ಷೆಗೆಂದು ತನಗೆ ಬೇಕಾದ ಐದು ಹೆಸರು ಆರಿಸಿ ಕೈಲೆಕ್ಕ ಹಾಕಿದ, ಐದೂ ಸರಿ. ಮಿಷನ್ನು ನಿಲ್ಲುವ ಮೊದಲೇ, ಎರಡೂವರೆಗೆ, ಪಂಪಮ್ಮ ಬಟವಾಡೆಗೆ ಕೂತರು. ಕವರು ಹಿಡಿದು ನಿಂತ ದ್ಯಾಮಮ್ಮ ಹೊರಗಿನ ಬಿಸಿಲನ್ನೂ ಕೈಯ ಕವರನ್ನೂ ನೋಡಿದಳು. ಬೆಳಕಿನಲ್ಲಿ ಪಗಾರ ಎಣಿಸಿ ಎಷ್ಟು ವರ್ಷವಾಯಿತೋ ಅಂದಳು, ಇವತ್ತು ಬೊಮ್ಮನಹಾಳದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತನ್ನದೇ ಅಂದಳು. ಕೊನೆಗೆ ತಾತನಿಗೂ ನನಗೂ ಶೀಟಿನಂತೆಯೇ ನಾನೇ ಕವರು ತುಂಬಿದೆ. ಬ್ಯಾಗು ಬೆಳಗ್ಗೆಯೇ ಕಟ್ಟಿಟ್ಟಿದ್ದೆ. ಮೂರೂ ಮುಕ್ಕಾಲಿಗೆ ಬಸ್‌ಸ್ಟ್ಯಾಂಡಿನಲ್ಲಿದ್ದೆ, ಇನ್ನೂ ಕಂಡಕ್ಟರೇ ಬಂದಿರಲಿಲ್ಲ.

ನಾಲ್ಕೂವರೆಗೆ ಡ್ರೈವರು ಹಾರನ್ನು ಹೊಡೆದ. ಹದಿನಾಲ್ಕು ವಾರ ಹೊರಗಿನಿಂದ ಕೇಳಿದ್ದ ಆ ಹಾರನ್ನನ್ನು ಒಳಗೆ ಕೂತು ಕೇಳಿದೆ. ಬಸ್ಸು ಹಿಂದಕ್ಕೆ ಸರಿಯುತ್ತಿರುವಾಗ ಯಾರೋ ಸೀನೂ ಸೀನೂ ಅಂತ ಕೂಗುವುದು ಕೇಳಿಸಿತು. ನೋಡಿದರೆ ತಾತ. ತನ್ನ ಹಳೇ ಸೈಕಲ್ಲು ತುಳಿದುಕೊಂಡು, ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಬೆವರಿಗೆ ವಿಭೂತಿ ಎಲ್ಲ ಇಳಿದು ಬರುತ್ತಿದ್ದಾನೆ. ಶೀಟಿನಲ್ಲಿ ಏನೋ ದೊಡ್ಡ ತಪ್ಪಾಗಿದೆ, ನನ್ನನ್ನು ವಾಪಸು ಕರೆಯಲು ಕಳಿಸಿದ್ದಾರೆ ಅಂದುಕೊಂಡೆ. ಇಳಿಯಬೇಕು ಅಂತ ಎದ್ದೇ ಬಿಟ್ಟೆ. ತಾತ ಕಿಟಕಿಗೆ ಕೈ ಚಾಚಿ ನನ್ನ ಅಂಗೈಗೆ ಏನೋ ಒತ್ತಿದ. ಒಂದು ರೂಪಾಯಿ ನಾಣ್ಯ.

"ನಿಂದು ಸೊನ್ನಿಗೆ ನಿಂತಿತ್ತಪ. ಈಗ ನೋಡ್ದೆ."

ಮೂರು ಸಾವಿರ. ನಲವತ್ತೊಂದು ಸಾಲಿಗೆ ಸೂತ್ರ ಎಳೆದಿದ್ದೆ, ಈ ವಾರ ಕೆಳಗೆ ಸೇರಿಸಿದ ನಲವತ್ತೆರಡನೆಯ ಸಾಲಿನ ನನ್ನನ್ನೂ ನಲವತ್ತಮೂರನೆಯ ಸಾಲಿನ ತಾತನನ್ನೂ ಬಿಟ್ಟಿದ್ದೆ. ತಾತನದು ಮೂರೂವರೆ ಸಾವಿರ, ಅದೂ ಸೊನ್ನೆಯೇ.

"ನಿಮ್ದು ತಾತ? ನಿಮಗೆ ಒಂದು ರೂಪಾಯಿ ಯಾರು ಇಡ್ತಿದ್ರು?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಬರೆಯಾವ ನಾನ ಅಲ್ಲೇನಪ. ನನಗ ನಾನ ಇಟ್ಕೊಂಡ್ರ ಅದು ಕಳ್ಳತನ ಆಗತೈತಿ," ಅಂದ. ಬಸ್ಸು ಹೊರಟಿತು. ಅವನು ಒಂದು ಕಾಲು ನೆಲಕ್ಕೂರಿ ಸೈಕಲ್ಲಿನ ಮೇಲೇ ನಿಂತಿದ್ದ, ತಿರುವಿನ ತನಕ ಕಾಣುತ್ತಿದ್ದ.

ಹದಿನೈದು ವರ್ಷ, ವಾರ ವಾರವೂ ಸೊನ್ನೆ ಹಿಡಿದುಕೊಂಡೇ ಮನೆಗೆ ಹೋಗಿದ್ದಾನೆ. ನನಗೆ ಕಣ್ಣು ತುಂಬಿ ಬಂತು, ಪಕ್ಕದವನು ನೋಡಿದರೆ ನೋಡಲಿ ಅಂತ ಒರೆಸಿಕೊಳ್ಳಲಿಲ್ಲ. ಫೋನಿನಲ್ಲೇ ಶೀಟು ತೆರೆದೆ. ರಸ್ತೆಯ ಗುಂಡಿಗೆ ಬೆರಳು ಜಾರಿ ಜಾರಿ, ನಾಲ್ಕನೇ ಸಲಕ್ಕೆ ಸೂತ್ರದ ಮೂಲೆ ಸಿಕ್ಕಿತು. ಎರಡು ಸಾಲು ಕೆಳಗೆ ಎಳೆದೆ. ಶ್ರೀನಿವಾಸ, ಮೂರು ಸಾವಿರದ ಒಂದು. ಉಜ್ಜಿನಪ್ಪ, ಮೂರು ಸಾವಿರದ ಐನೂರ ಒಂದು. ಕೆಳಗಿನ ಮೊತ್ತ ತೊಂಬತ್ತಾರು ಸಾವಿರದ ಎಂಟುನೂರ ಅರವತ್ತೈದು ಇದ್ದದ್ದು ಅರವತ್ತೇಳಾಯಿತು. ಸೋಮವಾರ ಮೊದಲ ಕೆಲಸ ತಾತನ ರೂಪಾಯಿ ಅಂತ ತೀರ್ಮಾನಿಸಿಕೊಂಡೆ. ಪಂಪಮ್ಮನ ಕೈಯಿಂದಲೇ ಕೊಡಿಸಬೇಕು.

ಅರ್ಧ ನಿಮಿಷವೂ ಆಗಿರಲಿಲ್ಲ, ಫೋನು ಬಡಿದುಕೊಂಡಿತು. ಗಂಗೋತ್ರಿ. ಅವಳೂ ಕಚೇರಿಯಲ್ಲಿ ಅದೇ ಶೀಟು ತೆರೆದಿಟ್ಟುಕೊಂಡು ಕೂತಿದ್ದಳು. ರೀ, ಈಗ ತಾನೇ ಎರಡು ರೂಪಾಯಿ ಜಾಸ್ತಿ ಆಯ್ತು, ಏನಾಯ್ತು, ಬಸ್ಸು ಸಿಕ್ತಾ ಇಲ್ವಾ ಅಂತ ಒಂದೇ ಉಸಿರಿಗೆ ಕೇಳಿದಳು. ಹೇಳಲು ಬಾಯಿ ತೆರೆದೆ. ಹದಿನಾಲ್ಕು ವಾರದ ಅಭ್ಯಾಸ, ಹೇಳುವುದೆಲ್ಲ ಫೋನಿನಲ್ಲೇ ಗಬಗಬ ಹೇಳಿ ಮುಗಿಸುವುದು. ಆಮೇಲೆ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸೀಟಿಗೆ ಒರಗಿದೆ.

"ಬಂದು ಯೋಳ್ತೀನಿ ಕಣೆ," ಅಂದೆ. "ಇವತ್ತು ಟೈಮೈತೆ."